ಕಾವೇರಿ ಥಿಯೇಟರ್ ನಿಲ್ದಾಣದಲ್ಲಿ ಇಳಿಯುತ್ತಿದ್ದವರು ಇಲ್ಲಿ ಬರೆಯಿರಿ

ಗುಟ್ಟಹಳ್ಳಿ ಇಳಿಜಾರು

ನಿನ್ನೆ ಸಂಜೆ ಮೇಖ್ರಿ ವೃತ್ತದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ನಿರ್ವಾಹಕರು ‘ಕಾವೇರಿ ಥಿಯೇಟರ್, ಕಾವೇರಿ ಥಿಯೇಟರ್’ ಎಂದು ಎರಡು ಸಲ ಕೂಗಿದರು. ಆರು ಜನ ಇಳಿದೆವು. ಇಳಿದವರಲ್ಲಿ ಒಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ. ನಾನು ಮಾತ್ರ ಐದು ನಿಮಿಷ ನಿಂತೆ. ಚಿತ್ರಮಂದಿರ ಇಲ್ಲ, ಕೂಗು ಇದೆ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೆ ಈ ಚರ್ಚೆ ಆರಂಭಿಸಿದ್ದೇನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಬೆಂಗಳೂರಿನ ಸ್ಯಾಂಕಿ ರಸ್ತೆ ಬಳ್ಳಾರಿ ರಸ್ತೆಯನ್ನು ಕೂಡುವ ಕಡೆ, ಅರಮನೆ ಗುಟ್ಟಹಳ್ಳಿಯ ಮೇಲ್ಭಾಗದಲ್ಲಿ ಕಾವೇರಿ ಚಿತ್ರಮಂದಿರ ಇತ್ತು. 1974ರ ಜನವರಿಯಲ್ಲಿ ರಾಜ್‌ಕುಮಾರ್ ಅವರ ‘ಬಂಗಾರದ ಪಂಜರ’ದೊಂದಿಗೆ ಅದರ ಬಾಗಿಲು ತೆರೆಯಿತು. 1,300ಕ್ಕೂ ಹೆಚ್ಚು ಆಸನಗಳಿದ್ದವು. ಐವತ್ತು ವರ್ಷ ತುಂಬಿದ 2024ರಲ್ಲಿಯೇ ಪ್ರದರ್ಶನ ನಿಂತಿತು, ಕಟ್ಟಡವನ್ನು ಕೆಡವಿದರು. ತೆರೆದ ದಿನ ನನಗೆ ಹತ್ತು ವರ್ಷ. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜನರ ತಲೆಗಳ ಮೇಲಿಂದ ತೋರಿಸಿದ್ದು ಚಿತ್ರವನ್ನಲ್ಲ, ಬಾಗಿಲಿಗೆ ಕಟ್ಟಿದ್ದ ಮಾವಿನ ತೋರಣವನ್ನು. ಟಿಕೆಟ್ ಸಿಕ್ಕಿರಲಿಲ್ಲ.

ದಯವಿಟ್ಟು ಯಾವ ಚಿತ್ರ ಚೆನ್ನಾಗಿತ್ತು ಎಂಬ ಚರ್ಚೆ ಇಲ್ಲಿ ಬೇಡ, ಅದಕ್ಕೆ ಬೇರೆ ಜಾಗಗಳಿವೆ. ಕಟ್ಟಡದ ಒಳಗೆ, ಹೊರಗೆ, ಸಾಲಿನಲ್ಲಿ, ಮೆಟ್ಟಿಲಿನ ಮೇಲೆ ನಿಮಗೆ ಆದದ್ದನ್ನು ಬರೆಯಿರಿ. ಚಿಕ್ಕ ಚಿಕ್ಕ ಸಂಗತಿಗಳೇ ಮೊದಲು ಮರೆತುಹೋಗುವುದು.

ವೈಯಾಲಿಕಾವಲ್ ಅಕ್ಕ

ಹೆಂಗಸರ ಸಾಲಿನ ಬಗ್ಗೆ ನಾನೇ ಬರೆಯಬೇಕು, ಗಂಡಸರಿಗೆ ಅದರ ಕಥೆ ಗೊತ್ತಿಲ್ಲ.

ಹೊಸ ಚಿತ್ರ ಬಂದ ವಾರ ಗಂಡಸರ ಸಾಲು ಗೋಡೆಯುದ್ದಕ್ಕೂ ಹಬ್ಬಿ ರಸ್ತೆಗೆ ಬರುತ್ತಿತ್ತು. ನಮ್ಮ ಸಾಲಿನಲ್ಲಿ ಮೂವತ್ತು ಜನ ಇದ್ದರೆ ಹೆಚ್ಚು. ಆದ್ದರಿಂದ ನಮ್ಮ ವಠಾರದ ಅಷ್ಟೂ ಮನೆಗಳ ಟಿಕೆಟ್ ತರುವ ಹೊಣೆ ಅಮ್ಮನದು. ಬೆಳಗ್ಗೆ ಒಂಬತ್ತಕ್ಕೆಲ್ಲ ಅನ್ನ ಸಾರು ಮುಗಿಸಿ, ಸೆರಗಿನ ತುದಿಯಲ್ಲಿ ಪ್ರತಿ ಮನೆಯ ದುಡ್ಡನ್ನೂ ಬೇರೆ ಬೇರೆ ಗಂಟು ಹಾಕಿಕೊಂಡು ಹೊರಡುತ್ತಿದ್ದಳು. ಯಾವ ಗಂಟು ಯಾರದು ಎಂದು ಒಂದು ಸಲವೂ ತಪ್ಪಿಲ್ಲ. ಒಬ್ಬರಿಗೆ ಇಷ್ಟೇ ಟಿಕೆಟ್ ಎಂಬ ನಿಯಮ ಇತ್ತಲ್ಲ, ಅದಕ್ಕೆ ನಾನು, ತಂಗಿ, ಪಕ್ಕದ ಮನೆಯ ಅಜ್ಜಿ ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ಕೌಂಟರಿನ ಕಿಂಡಿ ನನ್ನ ತಲೆಗಿಂತ ಎತ್ತರ. ಕೈ ಮಾತ್ರ ಮೇಲಕ್ಕೆ ಚಾಚುತ್ತಿದ್ದೆ, ಒಳಗಿನಿಂದ ಯಾರೋ ಬೆರಳು ಬಿಡಿಸಿ ದುಡ್ಡು ತೆಗೆದುಕೊಂಡು ಟಿಕೆಟ್ ಇಟ್ಟು ಮುಷ್ಟಿ ಮುಚ್ಚುತ್ತಿದ್ದರು. ಆ ಮುಖವನ್ನು ನಾನು ನೋಡಿದ್ದು ಎಷ್ಟೋ ವರ್ಷಗಳ ನಂತರ.

ಪರಿಚಯವಿಲ್ಲದ ಗಂಡಸರು ಬಂದು ‘ಅಮ್ಮಾ, ನಮಗೂ ಎರಡು ತೆಗೆದುಕೊಡಿ’ ಎಂದು ಕೇಳುತ್ತಿದ್ದರು. ಅಮ್ಮ ಹುಡುಗರ ಗುಂಪಿಗೆ ಕೊಡುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಜೋಡಿ ಕಂಡರೆ ಮಾತ್ರ ಅವಳೇ ಕರೆದು ಕೇಳುತ್ತಿದ್ದಳು. ಆ ಹೆಣ್ಣುಮಗಳ ಕೈಯ ಹಸಿರು ಬಳೆ ನೋಡಿಯೇ ಅವಳಿಗೆ ತಿಳಿಯುತ್ತಿತ್ತು.

ಅಮ್ಮ ಹೋಗಿ ಹನ್ನೊಂದು ವರ್ಷ. ಕಟ್ಟಡ ಕೆಡವುವಾಗ ನೋಡಬೇಡವೆಂದು ಮಗ ಹೇಳಿದ. ನಾನು ಹೋಗಿ ನೋಡಿದೆ. ಯಂತ್ರ ಗೋಡೆಯನ್ನು ಒತ್ತಿದಾಗ ನನ್ನ ಕಣ್ಣು ಹುಡುಕಿದ್ದು ಆ ಕಿಂಡಿಯನ್ನೇ.

ಲೆಕ್ಕದ ಪುಸ್ತಕ

ಎಲ್ಲರ ನೆನಪುಗಳಿಗೂ ನಮಸ್ಕಾರ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಚರ್ಚೆಗಳು ಕೊನೆಗೆ ‘ಮಾಲೀಕರು ದುಡ್ಡಿನ ಆಸೆಗೆ ಕೆಡವಿದರು’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಅದು ನ್ಯಾಯವಲ್ಲ.

ನಾನು ಹದಿನಾರು ವರ್ಷ ಒಂದು ಜಿಲ್ಲಾ ಕೇಂದ್ರದ ಚಿತ್ರಮಂದಿರದ ಲೆಕ್ಕ ಬರೆದವನು. ಕಾವೇರಿಯದಲ್ಲ, ಆದರೆ ಒಂದೇ ಪರದೆಯ ಎಲ್ಲ ಚಿತ್ರಮಂದಿರಗಳ ಲೆಕ್ಕವೂ ಹೆಚ್ಚುಕಡಿಮೆ ಒಂದೇ. ಬಾಡಿಗೆ ಪದ್ಧತಿಯಲ್ಲಿ ವಿತರಕರು ವಾರಕ್ಕೆ ಇಷ್ಟು ಎಂದು ಕೊಟ್ಟು ಚಿತ್ರ ಹಾಕುತ್ತಾರೆ. ಜನ ಬಂದರೂ ಬರದಿದ್ದರೂ ಚಿತ್ರಮಂದಿರಕ್ಕೆ ಬಾಡಿಗೆ ಬರುತ್ತದೆ. ಶೇಕಡಾವಾರು ಪದ್ಧತಿಯಲ್ಲಿ ಗಳಿಕೆಯನ್ನು ಹಂಚಿಕೊಳ್ಳುತ್ತಾರೆ. ಚಿತ್ರ ಓಡುವ ಭರವಸೆ ಇದ್ದ ಕಾಲದಲ್ಲಿ ಬಾಡಿಗೆ ಕೊಡಲು ವಿತರಕರು ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಭರವಸೆ ಹೋದ ಮೇಲೆ ಬಾಡಿಗೆ ಯಾರು ಕೊಡುತ್ತಾರೆ? ಹಂಚಿಕೊಳ್ಳೋಣ ಎನ್ನುತ್ತಾರೆ. 1,300 ಆಸನದ ಸಭಾಂಗಣದಲ್ಲಿ ಮಂಗಳವಾರ ಮಧ್ಯಾಹ್ನ ನಲವತ್ತು ಜನ ಕುಳಿತಿದ್ದರೆ ಹಂಚಿಕೊಳ್ಳುವುದು ಏನನ್ನು? ನಲವತ್ತು ಜನರಿಗೂ ಅದೇ ದೀಪ, ಅದೇ ಫ್ಯಾನು, ಅದೇ ಕಸ ಗುಡಿಸುವವರು, ಅದೇ ಕಾವಲುಗಾರರು.

ತೆರಿಗೆಯ ವಿಷಯಕ್ಕೆ ಬರುತ್ತೇನೆ. ಮೊದಲು ನಮ್ಮ ರಾಜ್ಯದಲ್ಲಿ ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆಯ ವಿನಾಯಿತಿ ಇತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನೂರು ರೂಪಾಯಿಯವರೆಗಿನ ಟಿಕೆಟ್‌ಗೆ ಶೇ 18, ಅದಕ್ಕೆ ಮೇಲ್ಪಟ್ಟು ಶೇ 28. 2019ರ ಜನವರಿಯಿಂದ ಅದು 12 ಮತ್ತು 18 ಆಯಿತು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಬಾಗಿಲು ಮುಚ್ಚಿತು. ಅಕ್ಟೋಬರ್‌ನಲ್ಲಿ ತೆರೆದಾಗ ಅರ್ಧ ಆಸನಗಳಿಗೆ ಮಾತ್ರ ಅನುಮತಿ. ಆ ತಿಂಗಳುಗಳಲ್ಲಿ ಜನ ಮನೆಯಲ್ಲಿಯೇ ಚಿತ್ರ ನೋಡುವುದನ್ನು ರೂಢಿ ಮಾಡಿಕೊಂಡರು. ಇತ್ತ ಸದಾಶಿವನಗರದ ಪಕ್ಕದ ನೆಲದ ಬೆಲೆ ಏನಿದೆ ಎಂದು ನಾನು ಹೇಳಬೇಕಾಗಿಲ್ಲ.

ಎಲ್ಲರಿಗೂ ಒಂದೇ ಪ್ರಶ್ನೆ: ನೀವು ಕೊನೆಯ ಸಲ ಕಾವೇರಿಗೆ ಹೋದದ್ದು ಯಾವಾಗ?

ಗುಟ್ಟಹಳ್ಳಿ ಇಳಿಜಾರು

ಸರ್, ಉತ್ತರ ಕೊಡುತ್ತೇನೆ. 2019. ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಅದಾದ ಮೇಲೆ ಐದು ವರ್ಷ ದಿನವೂ ಅದರ ಮುಂದೆಯೇ ಓಡಾಡಿದೆ, ಒಳಗೆ ಹೋಗಲಿಲ್ಲ. ಕೊನೆಯ ವಾರಗಳಲ್ಲಿ ಹಿಂದಿ ಚಿತ್ರಗಳು ನಡೆಯುತ್ತಿದ್ದವು, ನನಗೆ ಬೇಡವೆನಿಸಿತು. ಮುಚ್ಚುತ್ತಾರೆಂದು ಮೊದಲೇ ತಿಳಿದಿದ್ದರೆ ಯಾವ ಭಾಷೆಯದಾದರೂ ಹೋಗಿ ಕುಳಿತಿರುತ್ತಿದ್ದೆ. ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಐವತ್ತು ವರ್ಷ ನಡೆಸಿದರು, ಅದು ಸಣ್ಣ ಮಾತಲ್ಲ. ನನಗೆ ಕಟ್ಟಡ ಬೇಡ, ಅದರೊಳಗೆ ನಮ್ಮ ಬೀದಿಯವರು ಬದುಕಿದ್ದು ಬರಹದಲ್ಲಿ ಉಳಿದರೆ ಸಾಕು.

ಆಪರೇಟರ್ ಮಗಳು

ನನ್ನ ತಂದೆ ಶೇಷಾದ್ರಿಪುರದ ಕಡೆಯ ಒಂದು ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಅದೂ ಈಗಿಲ್ಲ. ಕಾವೇರಿಯ ಕ್ಯಾಬಿನ್‌ನಲ್ಲಿ ಅವರ ಸ್ನೇಹಿತರಿದ್ದರು, ಯಾರಿಗಾದರೂ ಜ್ವರ ಬಂದರೆ ಇವರು ಅಲ್ಲಿಗೆ ಬದಲಿಯಾಗಿ ಹೋಗುತ್ತಿದ್ದರು. ಹಾಗಾಗಿ ನಾನೂ ಇಲ್ಲಿ ಬರೆಯಬಹುದು ಎಂದುಕೊಂಡಿದ್ದೇನೆ.

ಶಾಲೆ ಬಿಟ್ಟ ಮೇಲೆ ಅವರಿಗೆ ಊಟದ ಡಬ್ಬಿ ಕೊಡುವುದು ನನ್ನ ಕೆಲಸ. ಹಿಂಬದಿಯ ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಬಾಗಿಲಲ್ಲಿಯೇ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಆಗ ಪ್ರೊಜೆಕ್ಟರಿನ ಬೆಳಕಿಗೆ ಬಲ್ಬು ಇರಲಿಲ್ಲ. ತಾಮ್ರದ ಲೇಪವಿದ್ದ ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರು ಹಿಡಿದು, ಮುಟ್ಟಿಸಿ ಸ್ವಲ್ಪ ಬಿಡಿಸಿದರೆ ನಡುವೆ ಕಿಡಿ ಹತ್ತಿಕೊಂಡು ನಿಲ್ಲುತ್ತಿತ್ತು. ಅದರ ಹಿಂದಿನ ಕನ್ನಡಿ ಆ ಬೆಳಕನ್ನು ಒಟ್ಟುಮಾಡಿ ಫಿಲ್ಮಿನ ಮೇಲೆ ಹಾಕುತ್ತಿತ್ತು. ಕಡ್ಡಿ ಉರಿಯುತ್ತ ಸವೆದಂತೆ ನಡುವಿನ ಅಂತರ ಹೆಚ್ಚಾಗುತ್ತದೆ, ಅಂತರ ಹೆಚ್ಚಾದರೆ ಪರದೆಯ ಮೇಲೆ ಚಿತ್ರ ಮಂಕಾಗುತ್ತದೆ. ಕಪ್ಪು ಗಾಜಿನ ಮೂಲಕ ಆ ಕಿಡಿಯನ್ನು ನೋಡುತ್ತ ಅಂತರವನ್ನು ಸರಿಪಡಿಸುತ್ತಲೇ ಇರಬೇಕು. ನೀವು ಕೆಳಗೆ ನಾಯಕನ ಮುಖ ನೋಡುತ್ತಿದ್ದಾಗ ಅಪ್ಪ ಮೇಲೆ ನೋಡುತ್ತಿದ್ದದ್ದು ಆ ಕಿಡಿಯನ್ನು.

ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡು ಸಾವಿರ ಅಡಿಯ ಸುರುಳಿ ಇಪ್ಪತ್ತೆರಡು ನಿಮಿಷಕ್ಕೆ ಮುಗಿಯುತ್ತದೆ. ಅದಕ್ಕೇ ಎರಡು ಯಂತ್ರ. ಒಂದರಲ್ಲಿ ಸುರುಳಿ ಮುಗಿಯುವ ಮೊದಲು ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಆಗ ಎರಡನೆಯ ಯಂತ್ರದ ಮೋಟರ್ ಹಾಕಬೇಕು. ಕೆಲವೇ ಸೆಕೆಂಡುಗಳಲ್ಲಿ ಎರಡನೆಯ ಚುಕ್ಕೆ. ಆಗ ಬೆಳಕು ಬದಲಿಸಬೇಕು. ಸಭಾಂಗಣದಲ್ಲಿ ಸಾವಿರ ಜನ ಕುಳಿತಿದ್ದರೂ ಆ ಚುಕ್ಕೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಪ್ಪ ಹೇಳಿಕೊಟ್ಟ ಮೇಲೆ ನನಗೆ ಅದನ್ನು ಕಾಣದೆ ಇರಲು ಆಗಲಿಲ್ಲ.

ಉರಿದು ಉಳಿದ ಕಾರ್ಬನ್ ತುಂಡುಗಳನ್ನು ಅಪ್ಪ ಜೇಬಿನಲ್ಲಿ ತರುತ್ತಿದ್ದರು. ನಮ್ಮ ಬೀದಿಯ ಕುಂಟೆಬಿಲ್ಲೆಯ ಗೆರೆಗಳೆಲ್ಲ ಅವುಗಳಿಂದಲೇ ಎಳೆದವು. ಅಮ್ಮನಿಗೆ ಮಾತ್ರ ಅಂಗಿಯ ಜೇಬಿನ ಮಸಿ ತೊಳೆದೂ ತೊಳೆದೂ ಸಾಕಾಗಿತ್ತು.

ಅಪ್ಪ ಒಂದೇ ಚಿತ್ರವನ್ನು ದಿನಕ್ಕೆ ನಾಲ್ಕು ಸಲದಂತೆ ನೂರು ದಿನ ತೋರಿಸಿದ್ದಾರೆ. ನಮ್ಮ ಜೊತೆ ಕುರ್ಚಿಯಲ್ಲಿ ಕುಳಿತು ಒಂದು ಚಿತ್ರವನ್ನೂ ನೋಡಲಿಲ್ಲ. ರಜೆಯ ದಿನ ಕರೆದರೆ ‘ನನಗೆ ಅಲ್ಲಿ ಕುಳಿತರೆ ಹಿಂದಕ್ಕೆ ತಿರುಗಿ ಕಿಂಡಿ ನೋಡುವುದೇ ಆಗುತ್ತದೆ, ನೀವು ಹೋಗಿ ಬನ್ನಿ’ ಎನ್ನುತ್ತಿದ್ದರು. ಫಿಲ್ಮಿನ ಡಬ್ಬಗಳು ಬರುವುದು ನಿಂತು ಎಲ್ಲವೂ ಡಿಜಿಟಲ್ ಆದಾಗ ಅವರು ಕೆಲಸ ಬಿಟ್ಟರು. ಹೊಸ ಯಂತ್ರದ ಬಗ್ಗೆ ಕೆಟ್ಟದಾಗಿ ಒಂದು ಮಾತೂ ಆಡಲಿಲ್ಲ. ‘ಚಿತ್ರ ಸ್ವಚ್ಛವಾಗಿ ಕಾಣುತ್ತದೆ, ಗೀರು ಬೀಳುವುದಿಲ್ಲ’ ಎಂದರು.

ಹದಿನೆಂಟನೇ ಅಡ್ಡರಸ್ತೆ

ಆಪರೇಟರ್ ಮಗಳು, ನಿಮ್ಮ ಬರಹ ಓದಿ ಕಣ್ಣು ತುಂಬಿತು. ನಾಲ್ಕು ದಶಕ ಚಿತ್ರ ನೋಡಿದ್ದೇನೆ, ಆ ಚುಕ್ಕೆಯ ವಿಷಯ ಇಂದೇ ತಿಳಿದದ್ದು.

ನಿಲ್ದಾಣದ ಹೆಸರಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಇದು ಹೊಸದಲ್ಲ. ಶೇಷಾದ್ರಿಪುರದಲ್ಲಿ ಸ್ವಸ್ತಿಕ್ ಚಿತ್ರಮಂದಿರ ಇಲ್ಲ, ಸ್ವಸ್ತಿಕ್ ವೃತ್ತ ಇದೆ. ಮಿನರ್ವ ವೃತ್ತಕ್ಕೆ ಆ ಹೆಸರು ಬಂದದ್ದು ಮಿನರ್ವ ಟಾಕೀಸಿನಿಂದ. ಎಲ್ಲಕ್ಕಿಂತ ದೊಡ್ಡದು ಮೆಜೆಸ್ಟಿಕ್. ಊರಿಗೆ ಊರೇ ‘ಮೆಜೆಸ್ಟಿಕ್‌ಗೆ ಹೋಗುತ್ತೇನೆ’ ಎನ್ನುತ್ತದೆ. ಬಸ್ ನಿಲ್ದಾಣದ ಹೆಸರು ಕೆಂಪೇಗೌಡ ಬಸ್ ನಿಲ್ದಾಣ, ಅದು ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆಯ ಹೆಸರೂ ಉಳಿಯಲಿಲ್ಲ, ಕೆಂಪೇಗೌಡರ ಹೆಸರೂ ಬಾಯಿಗೆ ಬರಲಿಲ್ಲ. ಉಳಿದದ್ದು ಒಂದು ಟಾಕೀಸಿನ ಹೆಸರು. ಮೆಟ್ರೊ ಬಂದಾಗಲೂ ಫಲಕದಲ್ಲಿ ಮೆಜೆಸ್ಟಿಕ್ ಎಂದು ಸೇರಿಸಬೇಕಾಯಿತು.

ಇದು ಏಕೆ ಎಂದು ಯೋಚಿಸಿದ್ದೇನೆ. ಹಳ್ಳಿಯಿಂದ ಬಂದು ರೈಲು ಇಳಿದವನಿಗೆ ರಸ್ತೆಯ ಹೆಸರು ಓದಲು ಬರುತ್ತದೋ ಇಲ್ಲವೋ, ಎತ್ತರದ ಕಟೌಟು ಕಾಣುತ್ತಿತ್ತು. ವಿಳಾಸ ಎಂದರೆ ಅದೇ.

ರಾಜಾಜಿನಗರ ಐದನೇ ಬ್ಲಾಕ್

ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರವನ್ನು ಮರೆಯಬೇಡಿ. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಅಲ್ಲಿ ಎರಡು ವರ್ಷ ಓಡಿತು. ಮುಂದೆ ಅದು ಭೂಮಿಕಾ ಆಯಿತು. ಸುಬೇದಾರ್ ಛತ್ರಂ ರಸ್ತೆಯ ಕಪಾಲಿ 1968ರದು. ಆ ಬಾಗಿದ ದೊಡ್ಡ ಪರದೆ, ಸಾವಿರಕ್ಕೂ ಹೆಚ್ಚು ಆಸನ, 2017ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಡಿಸೆಂಬರ್ 31ರಂದು ಮುಚ್ಚಿತು. 1936ರ ಪ್ಲಾಜಾ ಇದ್ದ ಜಾಗ ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊಗೆ ಹೋಯಿತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ತೆರೆಕಂಡ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಾಮೌಂಟ್ ಟಾಕೀಸಿನ ಗುರುತೂ ಇಲ್ಲ. ಅಲ್ಲಿ ಒಂದು ಕಲ್ಲುಫಲಕ ಇರಬೇಕಿತ್ತು. ನಮ್ಮ ಭಾಷೆ ಪರದೆಯಿಂದ ಮೊದಲು ಮಾತನಾಡಿದ ಜಾಗ ಅದು.

ಟೋಕನ್ 214

ನನಗೆ ಟೈಪ್ ಮಾಡುವುದು ನಿಧಾನ, ಮಗಳು ಸಹಾಯ ಮಾಡುತ್ತಿದ್ದಾಳೆ. ತಪ್ಪಿದ್ದರೆ ಕ್ಷಮಿಸಿ.

ನಾನು ಎಂಬತ್ತರ ದಶಕದಲ್ಲಿ ಚಿತ್ರಮಂದಿರದ ಸೈಕಲ್ ಸ್ಟ್ಯಾಂಡಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ನನ್ನ ಮೊದಲ ಸಂಬಳ ಅದು. ಹಾಸನದ ಕಡೆಯಿಂದ ಬಂದವನು, ಹದಿನೇಳು ವರ್ಷ. ಮಲಗುವುದೂ ಸ್ಟ್ಯಾಂಡಿನಲ್ಲಿಯೇ.

ಆಗ ಸ್ಕೂಟರ್ ಕಡಿಮೆ, ಸೈಕಲ್ ರಾಶಿ. ಪ್ರತಿ ಸೈಕಲ್ಲಿಗೂ ಎರಡು ತಗಡಿನ ಬಿಲ್ಲೆ. ಒಂದು ಹ್ಯಾಂಡಲಿಗೆ, ಒಂದು ಅವರ ಕೈಗೆ. ಬಿಲ್ಲೆ ಸಾಲದೆ ಹೋದ ದಿನ ಸೀಮೆಸುಣ್ಣದಿಂದ ಸೀಟಿನ ಮೇಲೆ ಅಂಕಿ ಬರೆಯುತ್ತಿದ್ದೆವು. ನಿಲ್ಲಿಸಲು ಒಂದು ಗಂಟೆ ಹಿಡಿದ ಸೈಕಲ್ಲುಗಳು ಚಿತ್ರ ಬಿಟ್ಟ ಮೇಲೆ ಹತ್ತೇ ನಿಮಿಷದಲ್ಲಿ ಹೋಗಬೇಕು. ಎಲ್ಲರಿಗೂ ಅವಸರ. ಒಂದು ಸೈಕಲ್ ಎಳೆದರೆ ಸಾಲಿಗೆ ಸಾಲೇ ಬೀಳುತ್ತಿತ್ತು. ನನ್ನ ಕಾಲಿನ ಮೇಲೆ ಇಂದಿಗೂ ಪೆಡಲಿನ ಗಾಯದ ಗುರುತಿದೆ.

ಒಂದು ದಿನ ಎರಡನೆಯ ಆಟ ಬಿಟ್ಟ ಮೇಲೆ ಒಂದು ಸೈಕಲ್ ಉಳಿಯಿತು. ಹ್ಯಾಂಡಲಿನಲ್ಲಿ 214. ಕುಡಿದು ಮರೆತಿರಬೇಕು, ಬೆಳಗ್ಗೆ ಬರುತ್ತಾರೆ ಎಂದುಕೊಂಡೆವು. ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಕದ್ದ ಸೈಕಲ್ ಇರಬಹುದು, ಪೊಲೀಸರಿಗೆ ಹೇಳೋಣ ಎಂದು ನಾನು ಅಂದೆ. ಸ್ಟ್ಯಾಂಡಿನ ಗುತ್ತಿಗೆದಾರರು ಬೇಡವೆಂದರು. ‘ಮೊನ್ನೆ ಆಟದ ನಡುವೆ ಸ್ಲೈಡು ಹಾಕಿದ್ದರಲ್ಲ, ಒಬ್ಬರು ಎದ್ದು ಓಡಿದರಲ್ಲ, ಅವರದೇ ಇರಬೇಕು’ ಎಂದರು.

ಈಗಿನವರಿಗೆ ಅದು ಗೊತ್ತಿರಲಾರದು. ಆಗ ಮೊಬೈಲ್ ಇರಲಿಲ್ಲ. ಮನೆಯಲ್ಲಿ ಏನಾದರೂ ಆದರೆ ಚಿತ್ರಮಂದಿರಕ್ಕೆ ಓಡಿಬಂದು ವ್ಯವಸ್ಥಾಪಕರಿಗೆ ಹೇಳುತ್ತಿದ್ದರು. ಚಿತ್ರ ನಡೆಯುತ್ತಿರುವಾಗಲೇ ಪರದೆಯ ಮೇಲೆ ‘ಇಂಥ ಬಡಾವಣೆಯ ಇಂಥವರು ತಕ್ಷಣ ಹೊರಗೆ ಬರಬೇಕು’ ಎಂದು ಕಾಣಿಸುತ್ತಿತ್ತು. ಹಾಸ್ಯದ ದೃಶ್ಯವಿದ್ದರೂ ಆ ಕ್ಷಣ ಸಾವಿರ ಜನರೂ ಗಪ್ಪಾಗುತ್ತಿದ್ದರು. ಕತ್ತಲೆಯಲ್ಲಿ ಒಂದು ಕುರ್ಚಿ ಮಡಚಿದ ಸದ್ದು ಮಾತ್ರ ಕೇಳುತ್ತಿತ್ತು.

ನಾನು ದಿನವೂ ಆ ಸೈಕಲ್ಲಿನ ದೂಳು ಒರೆಸುತ್ತಿದ್ದೆ. ಮಳೆ ಬಂದ ದಿನ ಗೋಣಿಚೀಲ ಮುಚ್ಚಿದೆ. ಹದಿನೈದನೆಯ ದಿನವೋ ಹದಿನಾರನೆಯ ದಿನವೋ ಒಬ್ಬರು ಬಂದರು. ತಲೆ ಬೋಳಿಸಿದ್ದರು. ಏನೂ ಹೇಳದೆ ಬಿಲ್ಲೆಯನ್ನು ನನ್ನ ಕೈಯಲ್ಲಿಟ್ಟರು. ಹದಿನೈದು ದಿನದ ಬಾಡಿಗೆ ಎಷ್ಟಾಯಿತು ಎಂದು ಕೇಳಿದರು. ಗುತ್ತಿಗೆದಾರರು ಒಳಗಿನಿಂದಲೇ ‘ಒಂದು ಆಟದ್ದು ಕೊಟ್ಟಿದ್ದಾರೆ, ಸಾಕು, ಕಳಿಸು’ ಎಂದರು. ಆ ಮನುಷ್ಯ ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ಗುಟ್ಟಹಳ್ಳಿಯ ಇಳಿಜಾರಿನಲ್ಲಿ ಹೋದರು. ಇಳಿಜಾರಿನಲ್ಲಿ ಸೈಕಲ್ ತಳ್ಳಿಕೊಂಡು ಹೋದವರನ್ನು ನಾನು ಅವರೊಬ್ಬರನ್ನೇ ನೋಡಿದ್ದು.

ಆಪರೇಟರ್ ಮಗಳು

ಆ ಸ್ಲೈಡು ಬರೆಯುತ್ತಿದ್ದವರು ಅಪ್ಪನಂಥವರೇ. ಅಂಗೈಯಷ್ಟು ಗಾಜಿನ ತುಂಡಿಗೆ ಮೊದಲೇ ಮಸಿ ಹಿಡಿಸಿ ಇಟ್ಟಿರುತ್ತಿದ್ದರು. ಕೆಳಗಿನಿಂದ ಚೀಟಿ ಬಂದೊಡನೆ ಸೂಜಿಯಿಂದ ಹೆಸರು ಗೀರಿ ಸ್ಲೈಡ್ ಯಂತ್ರಕ್ಕೆ ಹಾಕುವುದು. ಗೀರಿದ ಕಡೆ ಮಾತ್ರ ಬೆಳಕು ಹಾಯುತ್ತದೆ, ಅಕ್ಷರ ಬೆಳ್ಳಗೆ ಮೂಡುತ್ತದೆ. ಅಪ್ಪನ ಅಕ್ಷರ ಮುತ್ತಿನಂತಿತ್ತು. ಒಂದು ಸಲ ಕೇಳಿದೆ, ‘ಅಷ್ಟು ಅವಸರದಲ್ಲಿಯೂ ಏಕೆ ಅಷ್ಟು ಚೆನ್ನಾಗಿ ಬರೆಯುತ್ತೀರಿ?’ ಎಂದು. ‘ಓದುವವನಿಗೆ ಅದು ಎಂಥ ಸುದ್ದಿಯೋ ಏನೋ, ಅಕ್ಷರವಾದರೂ ನೆಟ್ಟಗಿರಲಿ’ ಎಂದರು.

ಎರಡನೇ ಪಿಯುಸಿ ಅಧ್ಯಾಪಕಿ

ನೆನಪುಗಳ ನಡುವೆ ಒಂದು ಬೇಸರದ ಮಾತನ್ನೂ ಬರೆಯುತ್ತೇನೆ, ಅದೂ ದಾಖಲೆಯಾಗಬೇಕು. ಎಲ್ಲ ಚಿತ್ರಮಂದಿರಗಳೂ ಎಲ್ಲರಿಗೂ ತೆರೆದಿರಲಿಲ್ಲ. ಕಾವೇರಿಯಲ್ಲ, ನಾನು ಹೆಸರು ಹೇಳದ ಇನ್ನೊಂದು ಕಡೆ, ಕಾಲೇಜಿನ ದಿನಗಳಲ್ಲಿ ಗೆಳತಿಯ ಜೊತೆ ಬೆಳಗಿನ ಆಟಕ್ಕೆ ಹೋಗಿದ್ದೆ. ಮುಂದಿನ ಸಾಲುಗಳ ಟಿಕೆಟ್ಟಿಗೆ ಮಾತ್ರ ನಮ್ಮ ದುಡ್ಡು ಸಾಲುತ್ತಿತ್ತು. ಅಲ್ಲಿ ಹೆಂಗಸರು ಕುಳಿತುಕೊಳ್ಳುವಂತಿಲ್ಲವೆಂದು ಬಾಗಿಲಿನವರು ವಾಪಸ್ಸು ಕಳಿಸಿದರು. ಹಿಂದಿರುಗುವ ಬಸ್ಸಿಗೆ ಕಾಯುತ್ತ ಗೋಡೆಯ ಹೊರಗೆ ನಿಂತಿದ್ದಾಗ ಒಳಗಿನ ಹಾಡು ಕೇಳಿಸುತ್ತಿತ್ತು. ಶೌಚಾಲಯಗಳ ಸ್ಥಿತಿ, ಕುರ್ಚಿಯ ತಿಗಣೆ, ನಾಲ್ಕು ಪಟ್ಟು ಬೆಲೆಯ ಕಾಳಸಂತೆಯ ಟಿಕೆಟ್, ಮೆಟ್ಟಿಲು ಹತ್ತಲಾಗದ ಹಿರಿಯರು, ಇವೂ ಇದ್ದವು. ಜನ ಮಲ್ಟಿಪ್ಲೆಕ್ಸ್ ಕಡೆ ಹೋದದ್ದರಲ್ಲಿ ಇವುಗಳ ಪಾಲೂ ಇದೆ. ನನ್ನ ಮಗಳು ಇಂದು ಒಬ್ಬಳೇ ಚಿತ್ರಕ್ಕೆ ಹೋಗಿ ಬರುತ್ತಾಳೆ. ಅದು ನನಗೆ ಸಂತೋಷದ ವಿಷಯ.

ವೈಯಾಲಿಕಾವಲ್ ಅಕ್ಕ

ನೀವು ಬರೆದದ್ದು ಸತ್ಯ ಮೇಡಂ. ಹೆಂಗಸರ ಸಾಲು ಚಿಕ್ಕದಾಗಿತ್ತು ಎಂದು ನಾನು ಸಂತೋಷದಿಂದ ಬರೆದೆ. ಏಕೆ ಚಿಕ್ಕದಾಗಿತ್ತು ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ಅಮ್ಮ ನಮ್ಮನ್ನು ಗುಂಪಾಗಿ ಕರೆದುಕೊಂಡು ಹೋಗುತ್ತಿದ್ದದ್ದು ಟಿಕೆಟ್ಟಿಗಾಗಿ ಮಾತ್ರವಲ್ಲ ಎಂದು ಈಗ ಅನಿಸುತ್ತಿದೆ.

ಡಿಗ್ರಿ ಮೂರನೇ ವರ್ಷ

ನಾನು ಕಾವೇರಿಗೆ ಹೋದದ್ದು ಒಂದೇ ಸಲ, 2022ರಲ್ಲಿ. ಮಾಲ್‌ಗಳ ಚಿತ್ರಮಂದಿರ ಬಿಟ್ಟು ಬೇರೆ ನೋಡಿರಲಿಲ್ಲ. ಮೊದಲು ಆಶ್ಚರ್ಯವಾದದ್ದು ಛಾವಣಿಯ ಎತ್ತರ. ಮಾತನಾಡಿದರೆ ಧ್ವನಿ ಮೇಲಕ್ಕೆ ಹೋಗಿ ಎಲ್ಲೋ ಕರಗುತ್ತಿತ್ತು. ನಾಯಕನ ಪ್ರವೇಶಕ್ಕೆ ಮುಂದಿನ ಸಾಲಿನವರು ಹರಿದ ಕಾಗದಗಳನ್ನು ತೂರಿದರು, ಅವು ಪ್ರೊಜೆಕ್ಟರಿನ ಬೆಳಕಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದವು. ನನ್ನ ಹಿಂದೆ ಕುಳಿತಿದ್ದ ಅಜ್ಜ ಪ್ರತಿ ಮಾತಿಗೂ ಉತ್ತರ ಕೊಡುತ್ತಿದ್ದರು, ‘ಹೋಗಬೇಡಪ್ಪ ಅಲ್ಲಿಗೆ’ ಎಂದು ನಾಯಕನಿಗೆ ಎಚ್ಚರಿಕೆ ಕೊಟ್ಟರು. ಮಾಲ್‌ನಲ್ಲಿ ಆಗಿದ್ದರೆ ಯಾರಾದರೂ ಅವರನ್ನು ಸುಮ್ಮನಿರಿಸುತ್ತಿದ್ದರು.

ಒಂದು ಪ್ರಶ್ನೆ. ಅಲ್ಲಿದ್ದವರೊಬ್ಬರು ‘ನಾವೆಲ್ಲ ಗಾಂಧಿ ಕ್ಲಾಸಿನವರು’ ಎಂದರು. ಹಾಗೆಂದರೆ ಏನು?

ಹದಿನೆಂಟನೇ ಅಡ್ಡರಸ್ತೆ

ಪರದೆಗೆ ಅತಿ ಹತ್ತಿರದ, ಅತಿ ಅಗ್ಗದ ಸಾಲುಗಳಮ್ಮ. ಕೆಲವು ಕಡೆ ಬರಿಯ ಬೆಂಚು, ಟೆಂಟ್ ಸಿನಿಮಾಗಳಲ್ಲಿ ನೆಲವೇ. ಕುತ್ತಿಗೆ ಮೇಲಕ್ಕೆತ್ತಿ ನೋಡಬೇಕು. ಚಿತ್ರ ಗೆದ್ದಿತೋ ಸೋತಿತೋ ಎಂದು ಮೊದಲ ದಿನವೇ ಹೇಳುತ್ತಿದ್ದವರು ಅವರೇ. ವಿತರಕರು ಬಾಲ್ಕನಿಯಲ್ಲಿ ಕುಳಿತು ಪರದೆಯನ್ನಲ್ಲ, ಆ ಸಾಲುಗಳನ್ನು ನೋಡುತ್ತಿದ್ದರು.

ಲೆಕ್ಕದ ಪುಸ್ತಕ

ಆ ಕೊನೆಯ ಮಾತು ನಿಜ. ನಮ್ಮ ಚಿತ್ರಮಂದಿರದಲ್ಲಿ ಶುಕ್ರವಾರ ಬೆಳಗಿನ ಆಟದ ಮಧ್ಯಂತರಕ್ಕೆ ಟೀ ಅಂಗಡಿಯವರ ಮುಖ ನೋಡಿದರೆ ಸಾಕು, ಸಂಜೆಯ ಗಳಿಕೆ ಎಷ್ಟೆಂದು ತಿಳಿಯುತ್ತಿತ್ತು. ನಾನು ಬರೆದ ದಿನಗಳಿಕೆಯ ಪುಸ್ತಕಗಳು ಇನ್ನೂ ನನ್ನ ಬಳಿ ಇವೆ. ಒಂದೊಂದು ಆಟಕ್ಕೂ ಯಾವ ದರ್ಜೆಯಲ್ಲಿ ಎಷ್ಟು ಟಿಕೆಟ್, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ. ಯಾರೂ ಕೇಳಿಲ್ಲ, ನಾನೂ ರದ್ದಿಗೆ ಹಾಕಿಲ್ಲ. ನಿನ್ನೆ ಈ ಚರ್ಚೆ ಓದಿದ ಮೇಲೆ ಒಂದನ್ನು ತೆರೆದೆ. ಒಂದು ಸಂಕ್ರಾಂತಿಯ ದಿನ ನಾಲ್ಕೂ ಆಟಗಳ ಮುಂದೆ ನನ್ನದೇ ಕೈಬರಹದಲ್ಲಿ ‘ತುಂಬಿದೆ, ತುಂಬಿದೆ, ತುಂಬಿದೆ, ತುಂಬಿದೆ’ ಎಂದಿದೆ. ಹಾಗೆ ಬರೆಯುವ ನಿಯಮ ಇರಲಿಲ್ಲ, ಅಂಕಿ ಮಾತ್ರ ಬರೆಯಬೇಕು. ಆ ದಿನ ಬರೆದುಬಿಟ್ಟಿದ್ದೇನೆ.

ಮಸ್ಕತ್ ಕನ್ನಡಿಗ

ಇಪ್ಪತ್ತು ವರ್ಷಗಳಿಂದ ರಜೆಗೆ ಬರುವಾಗ ದೇವನಹಳ್ಳಿಯಿಂದಲೋ ಅದಕ್ಕೂ ಮೊದಲು ಹಳೆಯ ವಿಮಾನ ನಿಲ್ದಾಣದಿಂದಲೋ ಟ್ಯಾಕ್ಸಿಯಲ್ಲಿ ಬಂದು ಕಾವೇರಿ ಕಂಡ ಕೂಡಲೇ ಅಮ್ಮನಿಗೆ ಫೋನ್ ಮಾಡುತ್ತಿದ್ದೆ, ‘ಕಾವೇರಿ ದಾಟಿದೆ, ಅನ್ನಕ್ಕಿಡು’ ಎಂದು. ಕಳೆದ ಸಲ ರಾತ್ರಿ ಎರಡು ಗಂಟೆಗೆ ಮೇಖ್ರಿ ದಾಟಿ ಕಿಟಕಿಯಲ್ಲಿ ನೋಡುತ್ತಲೇ ಇದ್ದೆ. ಮನೆಯ ಬಾಗಿಲಿಗೆ ಬಂದರೂ ಫೋನ್ ಮಾಡಿರಲಿಲ್ಲ.

ಗುಟ್ಟಹಳ್ಳಿ ಇಳಿಜಾರು

ಇಷ್ಟು ಜನ ಬರೆಯುತ್ತೀರೆಂದು ಅಂದುಕೊಂಡಿರಲಿಲ್ಲ. ಇವನ್ನೆಲ್ಲ ಒಂದು ಕಡತದಲ್ಲಿ ಸೇರಿಸುತ್ತಿದ್ದೇನೆ. ಹಳೆಯ ಟಿಕೆಟ್ ಚೂರು, ಫೋಟೊ, ಹಾಡಿನ ಪುಸ್ತಕ, ಏನಿದ್ದರೂ ಚಿತ್ರ ತೆಗೆದು ಹಾಕಿ. ಹಾಡಿನ ಪುಸ್ತಕದ ಹಿಂದೆ ಚಿತ್ರಮಂದಿರದ ಮೊಹರು ಇದ್ದರೆ ಇನ್ನೂ ಒಳ್ಳೆಯದು. ಟೋಕನ್ 214 ಅವರೇ, ಅಂದಿನ ಬಿಲ್ಲೆಗಳಲ್ಲಿ ಒಂದಾದರೂ ಎಲ್ಲಿಯಾದರೂ ಉಳಿದಿರಬಹುದೇ?

ಟೋಕನ್ 214

ಇದೆ ಸರ್. ಆ ಮನುಷ್ಯ ಬಿಲ್ಲೆ ಕೈಯಲ್ಲಿಟ್ಟು ಹೋದ ಮೇಲೆ ಅದನ್ನು ಇನ್ನೊಬ್ಬರಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಗುತ್ತಿಗೆದಾರರಿಗೆ ಕಳೆದುಹೋಯಿತೆಂದು ಹೇಳಿ ಸಂಬಳದಲ್ಲಿ ಎಂಟಾಣೆ ಹಿಡಿಸಿಕೊಂಡೆ. ಈಗ ಅದು ನಮ್ಮ ಮನೆಯ ಬೀಗದ ಕೈಗೊಂಚಲಿನಲ್ಲಿದೆ, ಅಂಕಿ ಸವೆದಿದೆ, ಬೆರಳಿಗೆ ಮಾತ್ರ ತಿಳಿಯುತ್ತದೆ.

ಮಗಳಿಗೆ ಫೋಟೊ ತೆಗೆಯಲು ಹೇಳಿದೆ, ಸರಿಯಾಗಿ ಕಾಣುತ್ತಿಲ್ಲ. ಭಾನುವಾರ ಬೆಳಗ್ಗೆ ಹತ್ತಕ್ಕೆ ನಾನೇ ತರುತ್ತೇನೆ. ಯಶವಂತಪುರದಿಂದ ಬರಬೇಕು, ಕಾಲು ನೋವಿದೆ, ಸ್ವಲ್ಪ ತಡವಾದರೆ ಕಾಯಿರಿ. ಕಾವೇರಿ ಥಿಯೇಟರ್ ನಿಲ್ದಾಣದಲ್ಲಿ ಇಳಿಯುತ್ತೇನೆ.